ತಕ್ಕಡಿ ಮೈದುನನ ಕೈತುತ್ತು

ನನ್ನ ಮೈದುನನ ಹೆಸರನ್ನು ನಾನು ಹೇಳುವಂತಿಲ್ಲ. ಸೊಸೆಯಾಗಿ ಬಂದವಳು ಗಂಡನ ಮನೆಯ ಗಂಡಸರ ಹೆಸರನ್ನು ಬಾಯಿಗೆ ತರಬಾರದು, ಅವರು ಕಿರಿಯರಾದರೂ ಅಷ್ಟೇ. ಬರೆಯುವಾಗಲೂ ಕೈ ಏಳುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಇಟ್ಟುಕೊಂಡು ಕೂಗುತ್ತೇವೆ. ಮುಂದೆ ಬೇರೆಯವರ ಬಾಯಲ್ಲಿ ಅವನ ಹೆಸರು ಬರುತ್ತದೆ, ಆಗ ತಿಳಿದುಕೊಳ್ಳಿ.

ನಾನು ಆ ಮನೆಗೆ ಬಂದಾಗ ಅವನಿನ್ನೂ ಮೀಸೆ ಮೂಡದ ಹುಡುಗ. ಕುರಿಮರಿಯಾಗಲಿ, ಹಿಟ್ಟಿನ ಚೀಲವಾಗಲಿ, ಪಕ್ಕದ ಮನೆಯ ಕೂಸಾಗಲಿ, ಸಿಕ್ಕಿದ್ದನ್ನೆಲ್ಲ ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಇಷ್ಟು ಕಿಲೋ ಎನ್ನುತ್ತಿದ್ದ. ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ದಿನ ನನ್ನ ಹತ್ತಿರವೂ ಕೈ ಚಾಚಿಕೊಂಡು ಬಂದ. ನಾನು ಸೌಟು ಎತ್ತಿ ತೋರಿಸಿದೆ.

"ಬಿಡಿ ಅತ್ತಿಗೆ, ನಿಮ್ಮನ್ನ ಎತ್ತಿ ಸೊಂಟ ಯಾಕೆ ಮುರ್ಕೊಳ್ಳಲಿ, ನೋಡಿದ್ರೇ ಗೊತ್ತಾಗುತ್ತೆ" ಎಂದ.

ಅಂದಿನಿಂದ ಅವನು ನನಗೆ ತಕ್ಕಡಿ.

ತಕ್ಕಡಿ ದೊಡ್ಡವನಾಗಿ ಓಟದ ಕುದುರೆ ಪಳಗಿಸುವವನಾದ. ಆ ಕೆಲಸವೆಂದರೆ ಮೈ ಇಳಿಸುವ ಕೆಲಸ. ಹುಲ್ಲು ತಿಂದು ಹೊಟ್ಟೆ ಬಿಟ್ಟ ಕುದುರೆಗೆ ಕಂಬಳಿ ಹೊದಿಸಿ, ಓಡಿಸಿ, ಬೆವರಿಳಿಸಿ, ಆ ಬೆವರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಬೇಕು. ಉಪ್ಪಾಗಿದ್ದರೆ ಇನ್ನೂ ಕೊಬ್ಬಿದೆ, ನೀರಿನಂತಿದ್ದರೆ ಕುದುರೆ ತಯಾರು. ಅವನ ಹೆಂಡತಿ, ನನ್ನ ವಾರಗಿತ್ತಿ ಕುಲ್ಪಾಶ್, ನಮ್ಮೂರ ಶಾಲೆಯಲ್ಲಿ ಅಡುಗೆಯವಳು. ಮಕ್ಕಳ ಹೊಟ್ಟೆ ತುಂಬಿಸಿ ತುಂಬಿಸಿ ಅವಳ ಕೈಯೇ ಸೌಟಾಗಿತ್ತು. ಗಂಡ ಇಳಿಸುವವನು, ಹೆಂಡತಿ ಏರಿಸುವವಳು. ಆ ಸಂಸಾರದ ಜಗಳವೆಲ್ಲ ಅದೊಂದೇ.

ಇಬ್ಬರ ನಡುವೆ ಒಬ್ಬಳೇ ಮಗಳು, ಉಲ್ಬಿಕೆ. ನಮ್ಮ ಕಡೆಯ ಉದ್ದದ ಓಟಗಳಲ್ಲಿ ಕುದುರೆ ಏರುವವರು ಮಕ್ಕಳೇ. ಹಗುರ ಇದ್ದಷ್ಟೂ ಒಳ್ಳೆಯದು. ಶಾಲೆಗೆ ಸೇರುವ ಮೊದಲೇ ಉಲ್ಬಿಕೆ ಅಪ್ಪನ ಕುದುರೆಯ ಮೇಲಿದ್ದಳು. ಊಟಕ್ಕೆ ಕೂತಾಗ ಅಪ್ಪ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅವಳ ಕೈಯ ಕಡೆ ನೋಡಿ, "ಉಲ್ಬಿಕೆ, ಚಮಚ" ಎನ್ನುತ್ತಿದ್ದ, ಅಷ್ಟೇ. ಮಗಳು ಚಮಚ ಕೆಳಗಿಡುತ್ತಿದ್ದಳು. ಕುಲ್ಪಾಶ್ ಆಮೇಲೆ ಕರಿದ ಹಿಟ್ಟಿನುಂಡೆಗಳನ್ನು ಅವಳ ಅಂಗಿಯ ಜೇಬಿಗೆ ತುರುಕುವಳು. ತಕ್ಕಡಿ ಅವಳನ್ನು ಜೀನಿನ ಮೇಲೆ ಕೂರಿಸುವಾಗ ಎತ್ತಿ, ಕಣ್ಣು ಮುಚ್ಚಿ, "ಜೇಬು ಖಾಲಿ ಮಾಡು" ಎನ್ನುವನು.

ಹುಡುಗಿ ಗೆದ್ದಳು, ಬಹಳ ಸಲ ಗೆದ್ದಳು. ಆಮೇಲೆ ಮಕ್ಕಳ ವಯಸ್ಸು ದಾಟಿ ಕುದುರೆಯಿಂದಿಳಿದಳು. ಇಳಿದವಳು ಮೇಲೆ ನೋಡತೊಡಗಿದಳು. ನಮ್ಮೂರಿನ ಬೆಟ್ಟದ ಮೇಲಿಂದ ವಾಯುಪಡೆಯ ವಿಮಾನಗಳು ಅಭ್ಯಾಸಕ್ಕೆ ಹಾದುಹೋಗುತ್ತವೆ. ಒಂದೊಂದು ಹೋದಾಗಲೂ ತಕ್ಕಡಿಯ ಕುದುರೆಗಳು ಬೆದರಿ ಹಗ್ಗ ಕಿತ್ತುಕೊಂಡು ಓಡುತ್ತಿದ್ದವು. ಅವನು ಆಕಾಶಕ್ಕೆ ಮುಷ್ಟಿ ತೋರಿಸಿ ಆ ಪೈಲಟ್‌ಗಳ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದ. ಅದೇ ಸಮಯಕ್ಕೆ ಮಗಳು ಬಂದು, ನಾನು ಅದನ್ನು ಓಡಿಸಬೇಕು ಎಂದಳು.

"ನನ್ನ ಕುದುರೆ ಬೆದರಿಸೋಕೆ ಹೊರಗಿನವರು ಸಾಲಲ್ಲ ಅಂತ ಮನೆಯವಳೇ ಹೊರಟಳು ನೋಡಿ ಅತ್ತಿಗೆ" ಎಂದು ನನ್ನ ಹತ್ತಿರ ದೂರು ಹೇಳಿದ. ಆದರೆ ಮರುದಿನ ಬೆಳಗ್ಗೆ ನೋಡಿದರೆ ಅವನು ಕುದುರೆಯ ಮೇಲೆ, ಅವಳು ಅದರ ಪಕ್ಕದಲ್ಲಿ ಓಡುತ್ತಾ. ವಾಯುಪಡೆ ಶಾಲೆಯ ಪ್ರವೇಶ ಪರೀಕ್ಷೆಯ ಓಟದಲ್ಲಿ ಅವಳ ಹಿಂದೆ ಹುಡುಗರೆಲ್ಲ ಏದುಸಿರು ಬಿಟ್ಟರಂತೆ. ಸೇರಿದ ಸುದ್ದಿ ಬಂದ ದಿನ ಕುರಿ ಕಡಿದು ಊರಿಗೆ ಊಟ ಹಾಕಿದರು. ಕುಲ್ಪಾಶ್‌ಗೆ ಇದ್ದ ಅನುಮಾನ ಒಂದೇ. "ಮೇಲೆ ಹೋದಾಗ ತಿನ್ನೋಕೆ ಏನು ಕೊಡ್ತಾರೆ?"

ಮೂರನೇ ವರ್ಷದ ಶರತ್ಕಾಲದಲ್ಲಿ ಉಲ್ಬಿಕೆ ರಜೆಗೆ ಬಂದಳು. ಚಹಾ ಮುಗಿದ ಮೇಲೆ ಹೇಳಿದಳು. ಪ್ರೊಪೆಲ್ಲರ್ ವಿಮಾನದ ಪಾಠ ಮುಗಿದಿದೆ, ಜೆಟ್ ತಂಡಕ್ಕೆ ಹೆಸರು ಬಂದಿದೆ.

ಶುಭಸುದ್ದಿ ಬಂದರೆ ನಮ್ಮಲ್ಲಿ ಮಿಠಾಯಿ ಎರಚುತ್ತೇವೆ. ಕುಲ್ಪಾಶ್ ಎದ್ದು ಡಬ್ಬಿ ತೆಗೆದಳು.

"ತಡಿಯಮ್ಮ. ವೈದ್ಯರ ಮಂಡಳಿ ತೂಕ ನೋಡುತ್ತೆ. ನಾನು ಮೂರು ಕಿಲೋ ಕಡಿಮೆ ಇದೀನಿ."

"ಏನಂದೆ?" ಕುಲ್ಪಾಶ್ ಡಬ್ಬಿ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳು. ಈ ಮನುಷ್ಯನಿಗೆ ಕೇಳೋ ಹಾಗೆ ಹೇಳು."

"ಕಡಿಮೆ, ಅಮ್ಮ. ವಿಮಾನಕ್ಕೆ ಏನಾದ್ರೂ ಆದ್ರೆ ಸೀಟು ನಮ್ಮನ್ನ ಹೊರಗೆ ಎಸೆಯುತ್ತೆ. ತೀರ ಹಗುರ ಇರೋರನ್ನ ತೀರ ಜೋರಾಗಿ ಎಸೆಯುತ್ತೆ, ಕತ್ತಿಗೆ ಪೆಟ್ಟು ಬೀಳುತ್ತೆ. ಅದಕ್ಕೇ ಇಷ್ಟಾದ್ರೂ ಇರಬೇಕು ಅಂತ ಮಿತಿ ಇಟ್ಟಿದಾರೆ."

"ಇಲ್ಲದಿದ್ರೆ?" ತಕ್ಕಡಿ ಕೇಳಿದ.

"ಜೆಟ್ ಇಲ್ಲ ಅಪ್ಪ. ಈ ಸಲ ತಪ್ಪಿದ್ರೆ ಆ ಜಾಗ ಬೇರೆಯವರದು. ನಾನು ನೆಲದಲ್ಲಿ ಕೂತು ಅವರಿಗೆ ದಾರಿ ಹೇಳ್ಬೇಕು."

ತಕ್ಕಡಿ ಎದ್ದು ಲಾಯಕ್ಕೆ ಹೋದ. ನಾನು ಕಿಟಕಿಯಿಂದ ನೋಡಿದೆ. ಕುದುರೆಯ ಪಕ್ಕೆಲುಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದ. ತಿರುಗಿ ಬಂದವನು ಮಾತ್ರ ಎದೆಯುಬ್ಬಿಸಿಕೊಂಡೇ ಬಂದ.

"ಇಳಿಸೋದು ಬಲ್ಲವನಿಗೆ ಏರಿಸೋದು ಬರಲ್ವಾ? ನನಗೆ ಬಿಡಿ."

"ಬಾರ್ಲಿ ನೆನೆಹಾಕ್ತೀಯೋ, ಹುಲ್ಲು ಕೊಯ್ದು ತರ್ತೀಯೋ?" ಎಂದೆ.

"ಅತ್ತಿಗೆ, ನೀವು ನಗ್ತಾ ಇರಿ."

ಆದರೆ ಅವನು ಮಾಡುವುದೇನೂ ಉಳಿದಿರಲಿಲ್ಲ. ಊರೇ ಎದ್ದು ನಿಂತಿತು. ತಿನ್ನಿಸುವುದಕ್ಕೆ ನೆಪ ಹುಡುಕುವ ಜನ ನಾವು. ಇಲ್ಲಿ ದೇಶದ ವಾಯುಪಡೆಯೇ ತಿನ್ನಿಸಿ ಎಂದಿದೆ. ದಿನಕ್ಕೊಂದು ಮನೆಯ ಕರೆ. ಕೆಲವು ದಿನ ಎರಡು. ಬೇಯಿಸಿದ ಕುರಿಮಾಂಸ, ಅಗಲದ ಹಿಟ್ಟಿನ ಹಾಳೆಗಳು, ಕೆನೆ, ಬೆಣ್ಣೆ, ಮೂಳೆಸಾರು. ಮಾಂಸ ಬಂದಾಗ ಮನೆಯ ಹಿರಿಯ ಒಂದು ಹಿಡಿ ತೆಗೆದು ಹುಡುಗಿಯ ಬಾಯಿಗೆ ತಾನೇ ತುತ್ತಿಡುತ್ತಿದ್ದ. ಹಿರಿಯರ ಕೈತುತ್ತು ನಮ್ಮಲ್ಲಿ ಬೇಡ ಎನ್ನುವ ಹಾಗಿಲ್ಲ. ಹಲ್ಲಿಲ್ಲದ ಮುದುಕರೂ ತಮ್ಮ ಪಾಲನ್ನು ಅವಳ ಬಾಯಿಗೆ ಇಟ್ಟರು.

ರಾತ್ರಿ ಮನೆಗೆ ಬಂದ ಮೇಲೆ ತೂಕ. ಸೈನ್ಯದ ಹುಡುಗಿ ಅಂಗಳದಲ್ಲಿ ಕೂಸಿನಂತೆ ಕೈ ಎತ್ತಿ ನಿಲ್ಲುವಳು. ತಕ್ಕಡಿ ಕಂಕುಳಿಗೆ ಕೈ ಹಾಕಿ ಎತ್ತಿ, ಕಣ್ಣು ಮುಚ್ಚುವನು.

"ಬಂತು. ಒಂದು ಕಿಲೋ ಬಂತು."

"ಅಪ್ಪ, ಬೂಟು ಹಾಕಿದೀನಿ."

"ಬೂಟು ಕಳೆದೇ ಹೇಳಿದ್ದು."

ಅಂಗಡಿಯ ಮುದುಕ ತೊಕ್ತಾರ್ ಒಂದು ದಿನ ತಕ್ಕಡಿಯನ್ನು ಕರೆದು ಹೇಳಿದ. "ಬೆಯ್ಸೆನ್, ಉಣ್ಣೆ ತೂಗೋ ಯಂತ್ರ ಇಲ್ಲೇ ಇದೆ. ಹುಡುಗೀನ ಒಂದ್ಸಲ ಹತ್ತಿಸಿ ನೋಡೋಣ."

"ನಿನ್ನ ಯಂತ್ರ ಉಣ್ಣೆ ಕೊಳ್ಳುವಾಗ ಒಂದು ಹೇಳುತ್ತೆ, ಮಾರುವಾಗ ಇನ್ನೊಂದು ಹೇಳುತ್ತೆ. ನನ್ನ ಕೈ ಎರಡು ಮಾತಾಡಲ್ಲ."

ರಜೆ ಮುಗಿಯುವ ಹೊತ್ತಿಗೆ ಆ ಕೈ ಮೂರು ಕಿಲೋ ದಾಟಿತು ಎಂದು ಸಾರಿತು. ಕುಲ್ಪಾಶ್ ಕೊನೆಗೂ ಮಿಠಾಯಿ ಎರಚಿದಳು. ನನಗೆ ಒಳಗೊಳಗೇ ಒಂದು ಮುಳ್ಳು ಇತ್ತು. ಅವಳ ಕೆನ್ನೆ ನನಗೆ ತುಂಬಿದಂತೆ ಕಾಣಲಿಲ್ಲ. ಆದರೆ ಅವನ ಕೈ ಇಷ್ಟು ವರ್ಷ ತಪ್ಪಿರಲಿಲ್ಲ, ಹಾಗಾಗಿ ಸುಮ್ಮನಿದ್ದೆ.

ವೈದ್ಯರ ಮಂಡಳಿ ಕೂರುವುದು ನಗರದ ಸೇನಾ ಆಸ್ಪತ್ರೆಯಲ್ಲಿ. ನನ್ನ ಮಗ ಎರ್ಮೆಕ್ ಇರುವುದೂ ಆ ನಗರದಲ್ಲೇ. ಅವನೇ ಕಾರು ತಂದು ನಮ್ಮನ್ನೆಲ್ಲ ಕರೆದೊಯ್ದ. ಮುಂದಿನ ಸೀಟಿನಲ್ಲಿ ತಕ್ಕಡಿ, ಹಿಂದೆ ಉಲ್ಬಿಕೆ, ಕುಲ್ಪಾಶ್, ನಾನು, ನಮ್ಮ ಕಾಲಿನ ಮೇಲೆ ಕುಲ್ಪಾಶ್‌ಳ ಚೀಲಗಳು. ಹಿಟ್ಟಿನ ಮೂಟೆಯಲ್ಲಿ ಹುದುಗಿಸಿ ಹೋದ ಚಳಿಗಾಲದಿಂದ ಕಾಪಾಡಿಟ್ಟಿದ್ದ, ಕುದುರೆ ಮಾಂಸ ಕೊಬ್ಬುಗಳನ್ನು ಕರುಳಿಗೆ ತುಂಬಿ ಮಾಡಿದ ಕಜಿಯನ್ನು ಬೇಯಿಸಿ ತುಂಬಿಸಿದ್ದಳು. ತಕ್ಕಡಿಯ ಮಡಿಲಲ್ಲಿ ಕುಮಿಸ್ ತುಂಬಿದ ಕ್ಯಾನು. ಕುದುರೆ ಹಾಲಿನ ಆ ಹುಳಿ ಪಾನೀಯ ಇಲ್ಲದೆ ಅವನು ಊರ ಗಡಿ ದಾಟಿದವನಲ್ಲ.

ರಾತ್ರಿ ಎರ್ಮೆಕ್‌ನ ಮನೆಯಲ್ಲೇ ಉಳಿದೆವು. ಅವನ ಹೆಂಡತಿ ತನ್ನ ತೂಕ ಇಳಿಸಲೆಂದು, ಕಾಲಿಟ್ಟರೆ ಅಂಕಿ ತೋರಿಸುವ ಒಂದು ಗಾಜಿನ ಹಲಗೆ ತಂದಿಟ್ಟುಕೊಂಡಿದ್ದಳು. ಮಂಡಳಿಯ ದಿನ ಬೆಳಗ್ಗೆ ಉಲ್ಬಿಕೆ ಅದರ ಮೇಲೆ ನಿಂತಳು. ಇಳಿದಳು. ಮತ್ತೆ ನಿಂತಳು.

"ಒಂದೂವರೆ ಕಿಲೋ ಕಡಿಮೆ" ಎಂದಳು.

"ಗಾಜಿನ ತುಂಡಿಗೆ ಏನು ಗೊತ್ತು" ಎಂದ ತಕ್ಕಡಿ. ಎರ್ಮೆಕ್ ಅಡುಗೆಮನೆಯಿಂದ ಪೊಟ್ಟಣ ಒಡೆಯದ ಸಕ್ಕರೆ ತಂದು ಅದರ ಮೇಲಿಟ್ಟ. ಪೊಟ್ಟಣದ ಮೇಲೆ ಬರೆದಷ್ಟೇ ತೋರಿಸಿತು. ತಕ್ಕಡಿ ಆ ಪೊಟ್ಟಣವನ್ನು ಎತ್ತಿದ, ಕಣ್ಣು ಮುಚ್ಚಿದ. ತೆರೆದಾಗ ಅವನ ಮುಖ ಬೇರೆಯಾಗಿತ್ತು. ಅವನ ಕೈಗೆ ಅದು ಹೆಚ್ಚೆನಿಸಿರಬೇಕು. ತೋಳಿಗೆ ವಯಸ್ಸಾದರೆ ಎಲ್ಲವೂ ಭಾರವೇ. ನನಗೆ ನೀರಿನ ಕೊಡದಲ್ಲಿ ಅದು ಗೊತ್ತಾಗಿತ್ತು. ಅವನಿಗೆ ಮಗಳಲ್ಲಿ ಗೊತ್ತಾಯಿತು.

ಕುಲ್ಪಾಶ್‌ಳ ಕಣ್ಣು ಕ್ಯಾನಿನ ಮೇಲೆ ಬಿತ್ತು.

"ಒಂದು ಲೀಟರು ಕುಡಿದ್ರೆ ಒಂದು ಕಿಲೋ ಅಲ್ವಾ?"

ಆಸ್ಪತ್ರೆಯ ಗೇಟಿನ ಪಕ್ಕದಲ್ಲೇ ನಿಲ್ಲಿಸಿ ಕುಡಿಸಿದೆವು. ಬಟ್ಟಲ ಮೇಲೆ ಬಟ್ಟಲು. ಶರತ್ಕಾಲದ ಕುಮಿಸ್, ಹಳೆಯದಾಗಿ ಹುಳಿಯೇರಿ ಮೂಗಿಗೆ ಹೊಡೆಯುತ್ತಿತ್ತು. ಉಲ್ಬಿಕೆ ಉಸಿರು ಕಟ್ಟಿ ಕುಡಿದಳು. ಕೊನೆಗೆ ಹೊಟ್ಟೆ ಹಿಡಿದುಕೊಂಡು, "ನಾನು ನಡೆದ್ರೆ ಒಳಗೆ ಕೊಡ ತುಳುಕಿದ ಹಾಗೆ ಸದ್ದಾಗ್ತಿದೆ ದೊಡ್ಡಮ್ಮ" ಎಂದಳು. ಕುಲ್ಪಾಶ್ ಅವಳ ತುಟಿ ಒರೆಸಿ ಒಳಗೆ ಕಳಿಸಿದಳು. ನಾವೂ ಹಿಂದೆ ಹೋಗಿ ಮೊಗಸಾಲೆಯ ಬೆಂಚಿನಲ್ಲಿ ಕೂತೆವು.

ಬಾಗಿಲಲ್ಲಿ ದಾದಿಯೊಬ್ಬಳು ಸಮವಸ್ತ್ರದಲ್ಲಿ ಬಂದವರಿಗೆಲ್ಲ ಒಂದು ನಳಿಗೆ ಹಿಡಿಯುತ್ತಿದ್ದಳು. ಹಾರುವವರು ಹೆಂಡ ಕುಡಿದಿದ್ದಾರೋ ಎಂದು ಉಸಿರು ನೋಡುವ ಯಂತ್ರ. ಉಲ್ಬಿಕೆ ಊದಿದಳು. ಯಂತ್ರ ಕೂಗಿಕೊಂಡಿತು.

ನಮ್ಮಲ್ಲಿ ಕುಮಿಸ್ಸನ್ನು ಹೆಂಡ ಎಂದವರಿಲ್ಲ. ಮೊಮ್ಮಕ್ಕಳಿಗೂ ಕೊಡುತ್ತೇವೆ, ಕೆಮ್ಮಿಗೂ ಕೊಡುತ್ತೇವೆ. ಅದರೊಳಗೆ ಅಂಥದ್ದು ಒಂದಿಷ್ಟು ಇದೆ ಎಂದು ಎಲ್ಲರಿಗೂ ಗೊತ್ತು, ಯಾರಿಗೂ ನೆನಪಿರುವುದಿಲ್ಲ. ಆ ಬೆಳಗ್ಗೆ ಐವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಕುಲ್ಪಾಶ್ ಬೆಂಚಿನ ಮೇಲೆ ಬಿಳಿಚಿಕೊಂಡಳು.

ದಾದಿ ವೈದ್ಯೆಯನ್ನು ಕರೆದಳು. ಮೇಜರ್ ಪಟ್ಟಿ ಹೊತ್ತ, ಕನ್ನಡಕದ ಹೆಂಗಸು.

"ಬೆಳಗ್ಗೆ ಏನು ಕುಡಿದೆ?"

"ಕುಮಿಸ್."

"ಎಷ್ಟು?"

"ತೂಕಕ್ಕೆ ಬೇಕಾದಷ್ಟು."

ವೈದ್ಯೆ ಅವಳನ್ನು ನೋಡಿದಳು, ಬೆಂಚಿನಲ್ಲಿ ಸಾಲಾಗಿ ಕೂತಿದ್ದ ನಮ್ಮನ್ನು ನೋಡಿದಳು, ತಕ್ಕಡಿಯ ಮಡಿಲಿನ ಕ್ಯಾನನ್ನು ನೋಡಿದಳು. ಕೇಳುವುದೇನೂ ಉಳಿಯಲಿಲ್ಲ.

"ಮಧ್ಯಾಹ್ನ ಕಳೆದು ಬಾ. ಆಗಲೂ ಇದು ಕೂಗಿದ್ರೆ ಬರೆದು ಕಳಿಸ್ತೀನಿ, ಜೆಟ್ ಅಲ್ಲ, ಯಾವ ವಿಮಾನವೂ ಸಿಗಲ್ಲ. ತೂಕಾನೂ ಆಗಲೇ ನೋಡ್ತೀನಿ." ಆಮೇಲೆ ನಮ್ಮ ಕಡೆ ತಿರುಗಿ, "ಆ ಕ್ಯಾನನ್ನ ನನ್ನ ಆಸ್ಪತ್ರೆಯಿಂದ ಹೊರಗೆ ತಗೊಂಡು ಹೋಗಿ" ಎಂದಳು.

ಹೊರಗೆ ಉದ್ಯಾನವಿತ್ತು. ಉಲ್ಬಿಕೆ ಶೌಚಾಲಯಕ್ಕೆ ಓಡಿದಳು, ಬಂದಳು, ಮತ್ತೆ ಓಡಿದಳು. ಒಂದೊಂದು ಸಲ ಹೋದಾಗಲೂ ಕುಲ್ಪಾಶ್, "ಹೋಯ್ತು, ಅಷ್ಟೂ ಹೋಯ್ತು" ಎಂದು ತೊಡೆ ಬಡಿದುಕೊಂಡಳು. ಈಗ ಉಸಿರೂ ತಿಳಿಯಾಗಬೇಕು, ತೂಕವೂ ಏರಬೇಕು. ಕುಲ್ಪಾಶ್ ಬೆಂಚಿನ ಮೇಲೆ ಬಟ್ಟೆ ಹಾಸಿ ಕಜಿ ಬಿಚ್ಚಿದಳು. ಎರ್ಮೆಕ್ ಚಹಾ ತಂದ. ಉಲ್ಬಿಕೆ ಎರಡು ಚೂರು ತಿಂದು ಕೈ ಒರೆಸಿಕೊಂಡಳು.

"ಸಾಕಮ್ಮ, ಇಳೀತಿಲ್ಲ."

ತಕ್ಕಡಿ ಅವಳೆದುರಿಗೆ ಕೂತಿದ್ದ, ಅವಳ ಕೈಯನ್ನೇ ನೋಡುತ್ತಾ. ಆಗ ನನ್ನ ಮುಳ್ಳು ಹೊರಗೆ ಬಂತು. ರಜೆಯುದ್ದಕ್ಕೂ ನಾನು ಕಂಡದ್ದು ಇದನ್ನೇ. ಅಪ್ಪ ಇಲ್ಲದ ಮನೆಯಲ್ಲಿ ಅವಳು ಹೊಟ್ಟೆ ತುಂಬ ತಿನ್ನುತ್ತಿದ್ದಳು. ಅಪ್ಪ ಎದುರಿಗೆ ಕೂತ ಮನೆಯಲ್ಲಿ, ಬೇರೆಯವರ ಕೈತುತ್ತು ನುಂಗಿದ ಮೇಲೆ, ಅವಳ ಕೈ ತಟ್ಟೆಯ ಕಡೆ ಹೋಗುತ್ತಲೇ ಇರಲಿಲ್ಲ.

"ತಕ್ಕಡಿ," ಎಂದೆ, "ನೀನು ಆ ಕಡೆ ತಿರುಗಿ ಕೂತ್ಕೋ."

"ನಾನೇನು ಮಾಡ್ದೆ ಅತ್ತಿಗೆ? ಬಾಯೇ ಬಿಟ್ಟಿಲ್ಲ."

"ಬಾಯಿ ಬಿಡಬೇಕಾಗಿಲ್ಲ. ನೀನು ನೋಡಿದ್ರೆ ಸಾಕು, ಅವಳು ಚಮಚ ಕೆಳಗಿಡ್ತಾಳೆ. ಈಗಲೂ ಇಟ್ಟಳು. ಇಲ್ಲಿ ಚಮಚವೇ ಇಲ್ಲ, ಆದ್ರೂ ಇಟ್ಟಳು."

ಅವನು ಮಗಳ ಕಡೆ ನೋಡಿದ. ಉಲ್ಬಿಕೆ ನಗಲು ನೋಡಿದಳು. "ಅಭ್ಯಾಸ ಅಪ್ಪ. ಕ್ಯಾಂಟೀನಲ್ಲಿ ಕೂತಾಗಲೂ ಒಮ್ಮೊಮ್ಮೆ ನೀನು ಎದುರಿಗಿದ್ದೀಯ ಅನ್ಸುತ್ತೆ. ಬೇಜಾರೇನಿಲ್ಲ. ಆಗ ಗೆಲ್ತಾ ಇದ್ವಲ್ಲ."

ತಕ್ಕಡಿ ಎದ್ದು ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದ. ಸೊಂಟದ ಚಾಕು ತೆಗೆದು ಕಜಿಯನ್ನು ದಪ್ಪ ದಪ್ಪ ಕೊಯ್ದ. ಕೊಬ್ಬು ಹೆಚ್ಚಿರುವ ಭಾಗವನ್ನೇ ಆರಿಸಿ ಹಿಡಿ ತುಂಬ ತೆಗೆದ. ಮಗಳ ಹತ್ತಿರ ಮಂಡಿಯೂರಿ ಕೂತ.

"ಬಾಯಿ ತೆಗಿ."

ಊರಿನ ಹಿರಿಯರೆಲ್ಲ ಅವಳಿಗೆ ಕೈತುತ್ತು ಇಟ್ಟಿದ್ದರು. ಹೆತ್ತ ಅಪ್ಪ ಇಟ್ಟದ್ದು ನಾನು ಅಂದೇ ನೋಡಿದ್ದು. ಉಲ್ಬಿಕೆ ಬಾಯಿ ತೆರೆದಳು. ಕಣ್ಣಲ್ಲಿ ನೀರು ಬಂತು. ತುತ್ತು ದೊಡ್ಡದಿತ್ತು, ಅದಕ್ಕೂ ಬಂದಿರಬಹುದು.

"ಇನ್ನೊಂದು."

"ಅಪ್ಪ, ಮೊದಲಿನದು ಇನ್ನೂ..."

"ಅಪ್ಪನ ಕೈ ಬೇಡ ಅನ್ನಬಾರದು. ತೆಗಿ."

ಕುಲ್ಪಾಶ್ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡಳು. "ಇಷ್ಟು ವರ್ಷದ ಬಾಕಿ ಒಂದೇ ದಿನ ತೀರಿಸ್ತಿದಾನೆ" ಎಂದಳು. ಕಜಿ ಮುಗಿಯಿತು. ಬೆಣ್ಣೆ ಹಚ್ಚಿದ ರೊಟ್ಟಿ ಮುಗಿಯಿತು. ಎರ್ಮೆಕ್ ಮೂರು ಸಲ ಚಹಾ ತಂದ. ಕೊನೆಗೆ ಉಲ್ಬಿಕೆ ಬೆಂಚಿನಿಂದ ಏಳಲು ನನ್ನ ಹೆಗಲು ಹಿಡಿಯಬೇಕಾಯಿತು.

ನಳಿಗೆ ಕೂಗಲಿಲ್ಲ. ಆಮೇಲೆ ತೂಕದ ಕೋಣೆಯ ಬಾಗಿಲು ಮುಚ್ಚಿತು. ತಕ್ಕಡಿ ಗೋಡೆಗೆ ಮುಖ ಮಾಡಿ ನಿಂತ. ಕುದುರೆ ಓಟದ ಕೊನೆಯಲ್ಲೂ ಅವನು ಹೀಗೇ, ಬೆನ್ನು ತಿರುಗಿಸಿ ನಿಂತು ಜನರ ಕೂಗಿನಿಂದಲೇ ತಿಳಿದುಕೊಳ್ಳುವವನು. ಇಲ್ಲಿ ಕೂಗುವವರಿರಲಿಲ್ಲ.

ಬಾಗಿಲು ತೆರೆಯಿತು. ಉಲ್ಬಿಕೆ ಅಪ್ಪನ ಮುಂದೆ ಬಂದು ಕೈ ಎತ್ತಿ ನಿಂತಳು. ಅವನು ಕಂಕುಳಿಗೆ ಕೈ ಹಾಕಿ ಎತ್ತಿದ, ಕಣ್ಣು ಮುಚ್ಚಿದ, ಬಹಳ ಹೊತ್ತು ಇಳಿಸಲಿಲ್ಲ.

"ಎಷ್ಟು ಅಪ್ಪ?"

"ನನ್ನ ಕೈ ನಂಬಬೇಡ. ನೀನೇ ಹೇಳು."

"ಸೀಟಿಗೆ ಸಾಕಾಯ್ತು. ಈಗ ನಿಧಾನ ಇಳಿಸು, ಅಲ್ಲಾಡಿಸಬೇಡ."

ವೈದ್ಯೆ ಹಿಂದೆಯೇ ಬಂದಳು. "ಇವತ್ತಿನದು ಹೊಟ್ಟೆಯ ತೂಕ, ನನಗೆ ಗೊತ್ತು. ತರಗತಿಗೆ ಸೇರಿಸ್ಕೊಳ್ತೀವಿ. ಆದ್ರೆ ಆ ಸೀಟಲ್ಲಿ ಕೂರೋದು ವಸಂತದಲ್ಲಿ. ಅದಕ್ಕೆ ಮುಂಚೆ ಮತ್ತೆ ತೂಗ್ತೀನಿ. ಆಗ ಮೈಯ ತೂಕ ಬೇಕು" ಎಂದಳು. ತಕ್ಕಡಿ ತಲೆಯಾಡಿಸಿದ, ಹೊಸ ಕುದುರೆ ಒಪ್ಪಿಸಿಕೊಂಡವನಂತೆ. ಊರಿಗೆ ಹಿಂದಿರುಗುವ ದಾರಿಯಲ್ಲಿ ಉಲ್ಬಿಕೆಗಾಗಿ ಎರಡು ಸಲ ಕಾರು ನಿಲ್ಲಿಸಿದೆವು. ಅದನ್ನು ವೈದ್ಯೆಗೆ ಯಾರೂ ಹೇಳಲಿಲ್ಲ.

ಆ ಚಳಿಗಾಲ ತಕ್ಕಡಿ ಕುದುರೆಗಳನ್ನು ನೆರೆಯವರಿಗೆ ಒಪ್ಪಿಸಿ ಮತ್ತೆ ಮತ್ತೆ ರೈಲು ಹತ್ತಿದ. ತರಬೇತಿ ಶಿಬಿರದ ಗೇಟಿನ ಪಕ್ಕದಲ್ಲಿ ಭೇಟಿಯ ಕೋಣೆಯೊಂದಿದೆ. ಅಲ್ಲಿ ಮಗಳನ್ನು ಕೂರಿಸಿ ತುತ್ತಿಡುವುದು, ಮುಂದಿನ ರೈಲಿಗೆ ಹಿಂದಿರುಗುವುದು. ಕಾವಲಿನ ಹುಡುಗರು ಮೊದಮೊದಲು ನಕ್ಕರಂತೆ. ಆಮೇಲೆ ಅವರಿಗೂ ಒಂದೊಂದು ತುತ್ತು ಸಿಕ್ಕಿ, ಇವನ ಚೀಲ ಕಂಡರೆ ಗೇಟು ತಾನಾಗಿ ತೆರೆಯತೊಡಗಿತು. ವಸಂತದಲ್ಲಿ ಮತ್ತೆ ತೂಗಿದರು. ಬರೀ ಹೊಟ್ಟೆಯಲ್ಲೇ ನಿಂತು ಪಾಸಾದಳು.

ಉಲ್ಬಿಕೆ ಈಗ ಜೆಟ್ ಹಾರಿಸುತ್ತಾಳೆ. ಬೆಟ್ಟದ ಮೇಲಿಂದ ಹಾದುಹೋದಾಗ ತಕ್ಕಡಿಯ ಕುದುರೆಗಳು ಈಗಲೂ ಹಗ್ಗ ಕೀಳುತ್ತವೆ. ಅವನು ಮುಷ್ಟಿ ಎತ್ತುವುದಿಲ್ಲ, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿ, ಆಮೇಲೆ ಕುದುರೆಗಳ ಹಿಂದೆ ಓಡುತ್ತಾನೆ. ಅವಳು ರಜೆಗೆ ಬಂದರೆ ಹೊಸ್ತಿಲು ದಾಟುವ ಮೊದಲೇ ಕೈ ತೊಳೆದು ನಿಂತಿರುತ್ತಾನೆ.

ಹೋದ ಸಲ ಬಂದಾಗ ಮೂರನೇ ತುತ್ತಿಗೆ ಉಲ್ಬಿಕೆ ಅವನ ಮಣಿಕಟ್ಟು ಹಿಡಿದಳು.

"ಅಪ್ಪ, ಒಂದು ಮಾತು. ಆ ಸೀಟಿಗೆ ಮೇಲಕ್ಕೂ ಒಂದು ಮಿತಿ ಇದೆ."

ತಕ್ಕಡಿ ತುತ್ತು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.

"ಅದನ್ನ ನನಗೆ ಯಾರೂ ಹೇಳಿಲ್ಲ. ಬಾಯಿ ತೆಗಿ."